ಕಾತರಿನಾಳ ಕಟ್ಟಿಗೆ ಹಾಸಿಗೆ

ದಾಂಡೇಲಿಯ ಟಿಂಬರ್ ಡಿಪೋದಲ್ಲಿ ಕಾರಕೂನನಾಗಿ ಸೇರಿದ ಹೊಸದರಲ್ಲಿ, ಕಾತರಿನಾ ತನ್ನ ಎಮ್ಮೆಗೆ ಸಾಗವಾನಿಯ ಹೊಟ್ಟು ತಿನ್ನಿಸುತ್ತಾಳೆಂದು ನಾನು ನಂಬಿದ್ದೆ. ಬರೀ ನಂಬಿಕೆಯಲ್ಲ, ಸಾಕ್ಷಿಯೂ ಇತ್ತು. ಬೆಳಿಗ್ಗೆ ನನ್ನ ಖೋಲಿಗೆ ಹಾಲು ತರುವವಳು ಅವಳೇ. ಸಂಜೆ ಬಡಗಿ ಜೇವಿಯರನ ಛಪ್ಪರದಿಂದ ರಂದದ ಹೊಟ್ಟನ್ನು ಚೀಲಗಟ್ಟಲೆ ಹೊತ್ತು ಒಯ್ಯುವವಳೂ ಅವಳೇ. ಹಿತ್ತಲಲ್ಲಿ ಎಮ್ಮೆ, ತಲೆಯ ಮೇಲೆ ಹೊಟ್ಟು. ಮೆಟ್ರಿಕ್ ಪಾಸಾದವನಿಗೆ ಇನ್ನೇನು ಬೇಕು? ಮರುದಿನದಿಂದಲೇ ಹಾಲಿನಲ್ಲಿ ಸಾಗವಾನಿಯ ವಾಸನೆ ಬರತೊಡಗಿತು. ನಾಲಿಗೆ ಒಗರೊಗರು. ಹಾಲು ಬಿಟ್ಟು, ಕರಿ ಚಹಾ ಕುಡಿದು ಮೋರೆ ಕಿವುಚಿಕೊಂಡು ಕೂತೆ.

ಹಾಲು ಯಾಕೆ ಬಿಟ್ಟಿರಿ ಎಂದು ಕೇಳಲು ಅವಳೇ ಬಾಗಿಲಿಗೆ ಬಂದಾಗ ಧೈರ್ಯ ಮಾಡಿ ಹೇಳಿಬಿಟ್ಟೆ: “ಎಮ್ಮಿಗೆ ಆ ಹೊಟ್ಟು ಹಾಕೂದ ಬಿಡು, ಆಮ್ಯಾಲೆ ಹಾಲು ತಗೋತೇನಿ.”

“ಯಾವ ಹೊಟ್ಟು?”

“ಜೇವಿಯರನ ಕಡಿಂದ ಒಯ್ತೀಯಲ್ಲ, ಅದು.”

ಅವಳು ಚೆಂಬು ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ನಿಮಗ ಪಗಾರ ಕೊಡ್ತಾರಲ್ಲ ಕಾರಕೂನ್ರ, ಭಾಳ ದೊಡ್ಡ ಮನಸಿನವ್ರು. ಬರ್ರಿ, ಎಮ್ಮಿ ಏನ್ ತಿಂತೈತಿ ತೋರಸ್ತೇನಿ.”

ಎಮ್ಮೆ ಹುಲ್ಲು ತಿನ್ನುತ್ತಿತ್ತು. ಹೊಟ್ಟು ಅಂಗಳದಲ್ಲಿ ಬಿಸಿಲಿಗೆ ಹರವಿತ್ತು. ಒಳಗೆ, ನೆಲದ ಮೇಲೆ, ಅವಳ ಗಂಡ ಪೆದ್ರು ಮಲಗಿದ್ದ.

ಅದು ಯುದ್ಧದ ಕಾಲ. ಡಿಪೋದಲ್ಲಿ ಎಷ್ಟು ಕಟ್ಟಿಗೆ ಬಿದ್ದರೂ ಸಾಲುತ್ತಿರಲಿಲ್ಲ. ಸೂಪಾ ಕಡೆಯ ಕಾಡಿನಲ್ಲಿ ಕಡಿತಕ್ಕೆ ಹೋಗಿದ್ದ ಪೆದ್ರುವಿನ ಸೊಂಟದ ಮೇಲೆ ದಿಮ್ಮಿ ಉರುಳಿತ್ತು. ಸೊಂಟದ ಕೆಳಗೆ ಸ್ಪರ್ಶವಿಲ್ಲ, ಮೇಲೆ ನೋವಿಗೆ ಕೊನೆಯಿಲ್ಲ. ಆರಾಳು ಹೊರುವ ದಿಮ್ಮಿಗೆ ನಾಲ್ವರೇ ಸಾಕೆನ್ನುತ್ತಿದ್ದ ಆಳು ಅವನು. ಈಗ ಹಗಲೂ ರಾತ್ರಿ ಹಲ್ಲು ಕಚ್ಚಿಕೊಂಡು ಮಲಗಿದ್ದ. ಬೆನ್ನಿಗೆ ಹುಣ್ಣಾಗಿತ್ತು. ಕಾತರಿನಾ ಮನೆಯ ಕವದಿಗಳನ್ನೆಲ್ಲ ಒಂದರ ಮೇಲೊಂದು ಹಾಸಿದಳು; ನೆಲ ಒತ್ತುವುದು ನಿಲ್ಲಲಿಲ್ಲ. ಹುಲ್ಲು ತುಂಬಿದಳು; ಕಾವೆದ್ದು ಹುಳವಾಯಿತು. ಯುದ್ಧದಿಂದ ತುಟ್ಟಿಯಾಗಿದ್ದ ಹತ್ತಿಯ ಮಾತನ್ನು ಆ ದಿನಗಳಲ್ಲಿ ಯಾರೂ ಎತ್ತುವಂತಿರಲಿಲ್ಲ.

ಒಮ್ಮೆ ಜೇವಿಯರನ ಛಪ್ಪರದಲ್ಲಿ ಹೊಟ್ಟಿನ ಗುಡ್ಡೆಯ ಮೇಲೆ ಕಾಲಿಟ್ಟಳಂತೆ. ಒತ್ತಿದರೆ ತಗ್ಗಿತು, ಕಾಲು ತೆಗೆದರೆ ಉಬ್ಬಿತು. ಮೊದಲು ಗರಗಸದ ಪುಡಿ ತುಂಬಿ ನೋಡಿದಳು. ವಾರದೊಳಗೆ ಅದು ಗಟ್ಟಿಯಾಗಿ, “ಕಣಾನ ಎತ್ತಿ ಚೀಲದಾಗ ತುಂಬಿದಂಗ” ಆಯಿತು. ಹಾಗಾಗಿ ಪುಡಿ ಬೇಡ, ಹಲಗೆ ನಯವಾಗಲೆಂದು ರಂದಾ ಹೊಡೆದಾಗ ಸುರುಳಿ ಸುರುಳಿಯಾಗಿ ಬೀಳುತ್ತದಲ್ಲ, ಅದೇ ಬೇಕು ಎಂದು ಗೊತ್ತಾಯಿತು. ಸುರುಳಿಗಳನ್ನು ಒಣಗಿಸಿ, ಹುಳ ಬಾರದಂತೆ ಲಕ್ಕಿ ಸೊಪ್ಪು ಬೆರೆಸಿ, ಗೋಣಿಯ ಒಳಗೆ ತುಂಬಿ, ಮೇಲೆ ಹಳೆ ಸೀರೆ ಹಚ್ಚಿ, ಕವದಿ ಹೊಲಿದಂತೆಯೇ ಅಂಚಿನಿಂದ ಸುತ್ತುತ್ತ ನಡುವಿಗೆ ಬಂದಳು. ನಡುವನ್ನು ಮುಚ್ಚುವ ಮೊದಲು ಒಂದು ಚಿಟಿಕೆ ಅಕ್ಕಿ ಹಾಕಿದಳು. ಅವಳ ಸಿದ್ದಿ ಜನರಲ್ಲಿ ಹೆಂಗಸರು ಕವದಿಗೆ ಹಾಗೆ ಮಾಡುತ್ತಾರೆ. ಕವದಿಯ ಹೊಟ್ಟೆಯೂ ತುಂಬಿರಬೇಕು.

ತೊಂದರೆ ಹುಟ್ಟಿದ್ದು ಆ ಸುರುಳಿಗಳಿಂದಲೇ. ಜೇವಿಯರ್ ಮೇಜು ಕುರ್ಚಿಗಳ ಜೊತೆಗೆ ಶವಪೆಟ್ಟಿಗೆಯನ್ನೂ ಮಾಡುತ್ತಿದ್ದ. ಕೇರಿಯಲ್ಲಿ ಯಾವ ಕ್ರಿಶ್ಚಿಯನ್ನರು ಸತ್ತರೂ ಪೆಟ್ಟಿಗೆಯ ತಳಕ್ಕೆ, ತಲೆಯ ಕೆಳಗೆ, ಇದೇ ಸುರುಳಿ ಹಾಸುತ್ತಿದ್ದ. ಪೆದ್ರುವಿನ ಮುದಿ ಸೋದರತ್ತೆ ಮಾರ್ಗರೀಟಾ ಹಾಸಿಗೆ ನೋಡಿದವಳೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿದಳು. “ಜೀವ ಇದ್ದಾವನ್ನ ಪೆಟ್ಟಿಗಿ ಹಾಸಗಿ ಮ್ಯಾಲೆ ಮಲಗಸ್ತಿಯೇನ, ಪೋರಿ?”

“ಪೆಟ್ಟಿಗ್ಯಾಗ ಯಾರರೆ ಅಕ್ಕಿ ಹಾಕ್ತಾರೇನ? ಇದರ ಹೊಟ್ಟಿ ತುಂಬೇತಿ. ಇದು ಜೀವದ್ದು.”

ಬೇಲಿಯಾಚೆಯಿಂದ ನೆರೆಯ ಮಹಾದೇವಕ್ಕ ಕತ್ತು ಚಾಚಿದಳು. “ಅಯ್ಯ, ನಮ್ಮೊಳಗ ಹೆಣದ ಬಾಯಾಗ ಅಕ್ಕೀನ ಹಾಕೂದು ತಂಗಿ!”

ಕಾತರಿನಾಳಿಗಿದ್ದ ಒಂದೇ ವಾದವೂ ಹೀಗೆ ಮುಗಿಯಿತು. ಸಂತೆಯಲ್ಲಿ, ನೀರಿನ ದಂಡೆಯಲ್ಲಿ ಅದೇ ಮಾತು: ಗಂಡ ಬೇಗ ಹೋಗಲಿ ಎಂದು ಹೆಣದ ಹಾಸಿಗೆ ಹೊಲಿದಿದ್ದಾಳೆ. ಪೆದ್ರುವಿನ ಕಿವಿಗೂ ಬಿತ್ತು. “ಸತ್ತ ಮ್ಯಾಲೆ ಹಾಕು. ಈಗ ಬ್ಯಾಡ,” ಎಂದು ಗೋಡೆಗೆ ಮುಖ ತಿರುಗಿಸಿದ. ಹಾಸಿಗೆ ಮೂಲೆಯಲ್ಲಿ ನಿಂತುಕೊಂಡಿತು. ಅವಳು ಹುಣ್ಣಿಗೆ ಅರಿಶಿನ ಎಣ್ಣೆ ಹಚ್ಚುತ್ತಲೇ ಇದ್ದಳು; ಹುಣ್ಣು ಬೆಳೆಯುತ್ತಲೇ ಇತ್ತು.

“ಐತವಾರ ಪ್ರಾರ್ಥನಿ ಮುಗದ ಮ್ಯಾಲೆ ಎಲ್ಲಾರ ಮುಂದ ನಾ ಅದರ ಮ್ಯಾಲೆ ಮಲಗಿ ತೋರಸ್ತೇನಿ,” ಎಂದೆ ನಾನು ಕಾತರಿನಾಳಿಗೆ. ದೊಡ್ಡ ಶೂರನಂತೆ ಹೇಳಿದೆನಾದರೂ, ನನ್ನ ಖೋಲಿಯ ತಗಣಿಗಳು ನಾನು ನಿದ್ದೆ ಮಾಡಿದ್ದನ್ನು ನೋಡಿಯೇ ಇರಲಿಲ್ಲ ಎಂಬುದೂ ನಿಜ.

ಅಂಗಳದಲ್ಲಿ ಹಾಸಿಗೆ ಹಾಸಿದರು. ಪೆದ್ರುವಿಗೆ ಕಾಣಲೆಂದು ಅವನನ್ನು ಕವದಿಯ ಸಮೇತ ಬಾಗಿಲಿಗೆ ಎಳೆದರು. ಕೇರಿಯೇ ನೆರೆದಿತ್ತು. ನಾನು ಕೋಟು ಕಳಚಿ, ನಾಲ್ಕು ಮಾತು ಆಡಿ, ಮಲಗಿದೆ. ಕರಕರ ಎಂದಿತು, ತಗ್ಗಿತು, ಆಮೇಲೆ ಕೆಳಗಿನಿಂದ ಯಾರೋ ಅಂಗೈಯಲ್ಲಿ ಎತ್ತಿ ಹಿಡಿದಂತಾಯಿತು. ಏನು ಅನಿಸುತ್ತದೆಂದು ಎದ್ದು ಹೇಳಬೇಕು ಎಂದುಕೊಂಡೆ. ನೆನಪಿರುವುದು ಅಷ್ಟೇ.

ಎಚ್ಚರವಾದಾಗ ತಲೆಯ ಬಳಿ ಒಂದು ಮೇಣಬತ್ತಿ ಉರಿಯುತ್ತಿತ್ತು. ಮಾರ್ಗರೀಟಾ ಮೊಣಕಾಲೂರಿ ಕೊಂಕಣಿಯಲ್ಲಿ ಪ್ರಾರ್ಥಿಸುತ್ತಿದ್ದಳು. ಮಹಾದೇವಕ್ಕ ಸೆರಗು ಬಾಯಿಗಿಟ್ಟುಕೊಂಡು, “ಯಾರ ಮಗನೋ ಏನೋ, ಧಾರವಾಡದಿಂದ ಸಾಯಾಕಂತ ಇಲ್ಲಿಗೆ ಬಂದಿತ್ತು,” ಎನ್ನುತ್ತಿದ್ದಳು. ಜೇವಿಯರ್ ನನ್ನ ನೆತ್ತಿಯಿಂದ ಹಿಮ್ಮಡಿಯವರೆಗೆ ಅಳತೆಯ ದಾರ ಹಿಡಿದಿದ್ದ. ಅದು ಚೇಷ್ಟೆಯೋ ಕೈಯ ರೂಢಿಯೋ ನನಗೆ ಇಂದಿಗೂ ತಿಳಿದಿಲ್ಲ.

“ಜೇವಿಯರ್, ಏನ್ ಮಾಡಾಕತ್ತಿ?” ಎಂದೆ.

ಮಾರ್ಗರೀಟಾ ಹಿಂದಕ್ಕೆ ಬಿದ್ದಳು. ಬಾಗಿಲಿನಿಂದ ಒಂದು ವಿಚಿತ್ರ ಸದ್ದು ಬಂತು, ತುಕ್ಕು ಹಿಡಿದ ಕೀಲು ತಿರುಗಿದ ಹಾಗೆ. ಪೆದ್ರು ನಗುತ್ತಿದ್ದ. ನೋವಿಗೆ ಪಕ್ಕೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಸುರಿಸಿ ನಗುತ್ತಿದ್ದ. “ಮಾತಾಡೂ ಹೆಣ! ಏ ಕಾತರೀನ್, ಈ ಕಾರಕೂನ ಎದ್ದಾನಂದ್ರ ಯಾರಿಗೂ ಏನೂ ಆಗೂದಿಲ್ಲ. ಅವನ್ನ ಆಕಡೆ ದಬ್ಬು. ನನ್ನ ಹಾಕ್ರಿ ಅದರ ಮ್ಯಾಲೆ.”

ನಾಲ್ವರು ಎತ್ತಿ ಹಾಕಿದರು. ಅವನು ಸೂರಿನ ಕಡೆಗೆ ನೋಡಿದ. ಬಿಗಿದ ದವಡೆ ಸಡಿಲವಾಯಿತು. ಕಾತರಿನಾ ಬಾಯಿಗೆ ಬೆರಳಿಟ್ಟು ಕೇರಿಯನ್ನೆಲ್ಲ ಅಂಗಳದಿಂದ ಓಡಿಸಿದಳು, ಕೋಳಿಗಳನ್ನೂ ಸೇರಿಸಿ. ಮರುದಿನ ಡಿಪೋದ ಗಂಟೆ ಹೊಡೆದಾಗಲೂ ಅವನು ನಿದ್ದೆಯಲ್ಲೇ ಇದ್ದನಂತೆ. ಅಂದು ಹಾಲು ತಡವಾಗಿ ಬಂತು. ಅವಳ ಕಣ್ಣೂ ಊದಿಕೊಂಡಿತ್ತು, ಅವಳೂ ನಿದ್ದೆ ಮಾಡಿದ್ದಳು.

ಹುಣ್ಣು ಮಾಯುತ್ತ ಬಂತು. ಹಾಸಿಗೆ ಬೇಕೆಂದು ಮೊದಲು ಬಂದವಳು ಮಹಾದೇವಕ್ಕ, ತನ್ನ ಅತ್ತೆಗೆ. “ಅಕ್ಕಿ ಅಷ್ಟ ಬಿಟ್ಟು ಹೊಲಿಯವ್ವಾ,” ಎಂದಳು. “ಉಪವಾಸದ ಹಾಸಗಿ ನಾ ಹೊಲಿಯೂದಿಲ್ಲ,” ಎಂದಳು ಕಾತರಿನಾ. ಮಹಾದೇವಕ್ಕ ಅಕ್ಕಿ ಸಮೇತವೇ ಒಯ್ದಳು.

ಮರುವರ್ಷ ಹಳಿಯಾಳದಿಂದ ಒಬ್ಬ ಸಾಹುಕಾರ ಚಕ್ಕಡಿ ಕಟ್ಟಿಸಿಕೊಂಡು ಬಂದ. ಅವನ ತಾಯಿಗೆ ಪಾರ್ಶ್ವವಾಯು. ಹಾಸಿಗೆಯನ್ನು ಒತ್ತಿ ನೋಡಿದ, ಮೂಸಿ ನೋಡಿದ, ಮೂಲೆ ಹಿಡಿದು ಎತ್ತಿ ನೋಡಿದ. ಕೊನೆಗೆ ಪೆದ್ರುವಿನ ಎದುರಿಗೇ ಅವನ ಕಾಲುಗಳ ಕಡೆ ಗದ್ದ ಎತ್ತಿ ಕೇಳಿದ: “ಇಂವ ಇದರ ಮ್ಯಾಲೆ ಮಲಗಿ ವರ್ಷಾತಂತಲ್ಲ? ಇನ್ನೂ ಎದ್ದು ಅಡ್ಡಾಡೂದಿಲ್ಲಲ್ಲ. ಮತ್ತೇನ ಗುಣ ಬಂತು ಇದರಿಂದ?”

ನಾನು ಹಿತ್ತಲಿನ ಎಮ್ಮೆಯ ಕಡೆ ನೋಡಿದೆ. ಪೆದ್ರು ಹೆಂಡತಿಯ ಕಡೆ ನೋಡಿದ. ಕಾತರಿನಾ ಹೊಲಿಗೆಯಿಂದ ತಲೆ ಎತ್ತದೆ ದಾರವನ್ನು ಹಲ್ಲಿನಿಂದ ಕಡಿದಳು.

“ಅಂವ ಇನ್ನ ಏಳೂದಿಲ್ಲರೀ. ನಾ ಹೊಲದದ್ದು ಹಾಸಗಿ, ಕಾಲಲ್ಲ. ಅಂವಗ ನಿದ್ದಿ ಬರ್ತೈತಿ. ನಿಮ್ಮವ್ವಗ ನಿದ್ದಿ ಬೇಕಾಗಿದ್ರ ಹಳೇ ಸೀರಿ ಇಟ್ಟು ಹೋಗ್ರಿ.”