ಮೊಳೆಗೆ ತೂಗಿದ ಕಂಬಳಿ

ಇಂಥವನ್ನೆಲ್ಲ ನಾನು ನಂಬಿದವನಲ್ಲ. ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಕಲ್ಯಾಣದುರ್ಗದಲ್ಲಿ ಆಟೋ ಓಡಿಸಿಕೊಂಡಿರುವವನು. ದೆವ್ವದ ಮಾತೆತ್ತಿದವರನ್ನು ನಕ್ಕು ಕಳಿಸುತ್ತಿದ್ದೆ. ನೀವೂ ನಗಬಹುದು, ನನಗೆ ಬೇಸರವಿಲ್ಲ.

ಹೋದ ವರ್ಷ ನನ್ನ ಮಗಳ ಶಾಲೆಯಲ್ಲಿ ಒಂದು ಕೋಣೆಯನ್ನು ಮ್ಯೂಸಿಯಂ ಮಾಡಿದರು. ಒಬ್ಬರ ಮನೆಯ ಬದುಕು ಇನ್ನೊಬ್ಬರ ಮಕ್ಕಳಿಗೆ ಗೊತ್ತಾಗಲಿ ಎಂದು ಮೇಷ್ಟ್ರು ಮನೆಮನೆಯಿಂದ ಹಳೆಯ ವಸ್ತು ಕೇಳಿದ್ದರು. ಲಂಬಾಣಿ ಹುಡುಗಿ ಅಜ್ಜಿಯ ಕನ್ನಡಿ ಲಂಗ ತಂದಳು. ನೇಕಾರರ ಮನೆಯಿಂದ ಲಾಳಿ ಬಂತು. ನಾವು ಕುರಿ ಕಾಯುವ ಮನೆತನದವರು. ನಾನು ಅಣ್ಣನ ಕರಿ ಕಂಬಳಿ ಒಯ್ದೆ. ಅಣ್ಣ ಕುರಿ ಮಾರಿ ಹಿಂದೂಪುರದಲ್ಲಿ ಗಿರಣಿ ಕಾವಲಿಗೆ ಸೇರಿದಾಗ ಅದನ್ನು ನಮ್ಮ ಮನೆಯಲ್ಲೇ ಬಿಟ್ಟಿದ್ದ.

“ಇದಿ ಎವರಿದಿ?” ಎಂದು ಮೇಷ್ಟ್ರು ತೆಲುಗಿನಲ್ಲಿ ಕೇಳಿದರು. ಅಣ್ಣನದು ಎಂದೆ. ಹಾಗಾದರೆ ಅವರನ್ನೊಂದು ಮಾತು ಕೇಳಿಬಿಡಿ ಎಂದರು. ಮನೆ ಜಾಗಕ್ಕೆ ಜಗಳವಾಗಿ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನಾನೇ ಮೊದಲು ಫೋನ್ ಮಾಡಿ ಸೋಲಬಾರದೆಂದು, “ತೀರ್ಕೊಂಡ್ರು ಸಾರ್,” ಎಂದುಬಿಟ್ಟೆ.

ನಮ್ಮ ಮನೆಯಲ್ಲಿ ಬದುಕಿರುವವರ ಕಂಬಳಿಯನ್ನು ಮಡಿಸಿ ಇಡುತ್ತೇವೆ. ಗೋಡೆಗೆ ತೂಗುಹಾಕುವುದು ಸತ್ತವರದನ್ನು ಮಾತ್ರ. ಮಕ್ಕಳಿಗೆ ಕಾಣಲೆಂದು ಮೇಷ್ಟ್ರು ಮೊಳೆ ಹೊಡೆಸಿದಾಗ, ಬೇಡವೆಂದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ನಾನೇ ಕುರ್ಚಿ ಹತ್ತಿ ತೂಗುಹಾಕಿದೆ.

ಮಾರನೆಯ ದಿನ ಮಧ್ಯಾಹ್ನ ವಸ್ತು ಕೊಟ್ಟ ನಮ್ಮನ್ನೂ ಕರೆದಿದ್ದರು. ಮಕ್ಕಳು ಸಾಲಾಗಿ ನೋಡುತ್ತಿದ್ದರು. ಲಂಬಾಣಿ ಹುಡುಗಿ ಕಂಬಳಿ ಮುಟ್ಟಿ ಕೈ ಎಳೆದುಕೊಂಡಳು. “ಬೆಚ್ಚಗೈತೆ ಮಾಮ,” ಎಂದಳು. ನಾನೂ ಮುಟ್ಟಿದೆ. ಈಗಷ್ಟೇ ಯಾರೋ ಹೊದ್ದು ಎದ್ದುಹೋದ ಹಾಗಿತ್ತು. ಪಕ್ಕದ ಗೋಡೆ ತಣ್ಣಗಿತ್ತು. ಆ ಕೋಣೆಗೆ ಬಿಸಿಲೇ ಬೀಳುವುದಿಲ್ಲ.

ಆಗಲೇ ಅತ್ತಿಗೆಯ ಫೋನ್ ಬಂತು. “ನಿಮ್ಮಣ್ಣಂಗೆ ಮೈಯೆಲ್ಲ ತಣ್ಣಗಾಗೋಗೈತೆ ಕಣಪ್ಪ. ಈ ಬಿಸ್ಲಲ್ಲಿ ಗಡಗಡ ನಡುಗ್ತಾನೆ. ಡಾಕ್ಟ್ರು ಏನೂ ಇಲ್ಲ ಅಂತಾರೆ. ನನ್ ಕಂಬ್ಳಿ ಮೊಳೆಯಿಂದ ಇಳ್ಸು ಅಂತ ಒಂದೇ ಸಮ್ನೆ ಬಡ್ಕೊಂತಾನೆ. ಇಲ್ಲಿ ಯಾವ ಮೊಳೆ, ಯಾವ ಕಂಬ್ಳಿ?”

ಕಂಬಳಿ ಕೊಟ್ಟದ್ದನ್ನು ಹಿಂದೂಪುರದಲ್ಲಿ ಯಾರಿಗೂ ಹೇಳಿರಲಿಲ್ಲ. ಹಾರಿ ಕಿತ್ತುಕೊಂಡೆ. “ನಮ್ಮಣ್ಣ ಬದುಕವ್ನೆ ಸಾರ್,” ಎಂದೆ. ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

ಹಿಂದೂಪುರದ ಬಸ್ಸಿನಲ್ಲಿ ಕಂಬಳಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಒಂದೊಂದು ಊರು ದಾಟಿದ ಹಾಗೂ ಅದು ತಣ್ಣಗಾಗುತ್ತ ಬಂತು. ಪೂರ್ತಿ ತಣ್ಣಗಾದರೆ ಒಳ್ಳೆಯದೋ ಕೆಟ್ಟದ್ದೋ ತಿಳಿಯದೆ ದಾರಿಯುದ್ದಕ್ಕೂ ಎದೆಗೊತ್ತಿ ಹಿಡಿದಿದ್ದೆ.

ಹಿಂದೂಪುರ ಸೇರಿದಾಗ ಅಣ್ಣ ಅಂಗಳದಲ್ಲಿ ಕೂತು ಮುದ್ದೆ ಉಣ್ಣುತ್ತಿದ್ದ. ನಡುಕ ಮಧ್ಯಾಹ್ನವೇ ನಿಂತಿತಂತೆ. ನನ್ನನ್ನು ಕಂಡು, “ಏನ್ಲಾ, ಸತ್ತೋನ್ನ ನೋಡಕ್ಕೆ ಇಷ್ಟೊತ್ತಿಗಾ ಬರೋದು?” ಎಂದ. ಅತ್ತಿಗೆ ಗದರಿದಳು. ಅವನು ನಕ್ಕು, ಕಂಬಳಿ ಮಡಿಸಿ ಪಕ್ಕಕ್ಕಿಟ್ಟುಕೊಂಡ.

ಈಗ ಕಂಬಳಿ ಮತ್ತೆ ಮ್ಯೂಸಿಯಂನಲ್ಲಿದೆ. ಅಣ್ಣನೇ ಬಂದು, ಅದನ್ನು ತಲೆಯ ಮೇಲಿಂದ ಕೊಪ್ಪೆ ಹಾಕಿಕೊಳ್ಳುವುದನ್ನು ಮಕ್ಕಳಿಗೆ ತೋರಿಸಿ, ಬೆಂಚಿನ ಮೇಲೆ ಮಡಿಸಿಟ್ಟು ಹೋದ. ಆವತ್ತು ಅವನು ಬರೀ ತಮಾಷೆ ಮಾಡಿದನೋ, ನಾನು ಮೇಷ್ಟ್ರಿಗೆ ಹೇಳಿದ ಮಾತು ಅವನಿಗೆ ಹೇಗೋ ಮುಟ್ಟಿತ್ತೋ ಗೊತ್ತಿಲ್ಲ. ಕೇಳಬೇಕೆಂದರೆ ಏನು ಹೇಳಿದ್ದೆನೆಂದು ಮೊದಲು ನಾನು ಬಾಯಿಬಿಡಬೇಕು. ಇನ್ನೂ ಕೇಳಿಲ್ಲ.