ರಮಣಮ್ಮನವರ ಸಂಚಿ

ಹೊಸ ರೆಕ್ಸಿನ್ನಿನ ವಾಸನೆ ಮೂಗಿಗೆ ಬಡಿದರೆ ನಾನು ಈಗಲೂ ಕೈಯಲ್ಲಿರುವುದನ್ನೆಲ್ಲ ಒಮ್ಮೆ ಎಣಿಸಿ ನೋಡುತ್ತೇನೆ. ಮೊನ್ನೆ ಮಗಳನ್ನು ಕರೆದುಕೊಂಡು ಶಿವಮೊಗ್ಗದ ಗಾಂಧಿ ಬಜಾರಿನ ಬ್ಯಾಗಿನ ಅಂಗಡಿಗೆ ಹೋಗಿದ್ದೆ. ಮಾರನೆಯ ದಿನ ಅವಳ ಕಾಲೇಜು ಸೀಟಿಗೆ ದಾಖಲೆಗಳ ಪರಿಶೀಲನೆ. "ಫೋಲ್ಡರ್ ಬೇಕಾ, ಪೌಚ್ ಬೇಕಾ, ಫೈಲ್ ಬ್ಯಾಗಾ ಮೇಡಂ?" ಎಂದ ಅಂಗಡಿಯವನು. ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಕನ್ನಡ ಪಾಠ ಹೇಳುವ ನನಗೆ ಆ ವಸ್ತುವಿನ ಹೆಸರು ಹೇಳಲು ಬಾಯಿ ಬರಲಿಲ್ಲ. "ಅದೇಪ್ಪ, ಒರಿಜಿನಲ್ ಹಾಕ್ಕೊಂಡು ಹೋಗೋದು" ಎಂದೆ. ಅವನು ಕೊಟ್ಟದ್ದರ ಜಿಪ್ಪನ್ನು ನಾಲ್ಕು ಸಲ ಎಳೆದು ನೋಡಿದೆ. "ಅಮ್ಮ, ಎಲ್ಲಾ ಫೋನಲ್ಲೂ ಇದೆ, ಸುಮ್ನಿರು" ಎಂದಳು ಮಗಳು.

ಸುಮ್ಮನಿರುವುದು ನನ್ನ ಜಾತಕದಲ್ಲೇ ಬರೆದಿಲ್ಲ. ರವೀಂದ್ರನಗರದ ಮನೆಗೆ ಬೀಗ ಹಾಕಿ, ಅರ್ಧ ದಾರಿಯಿಂದ ಆಟೋ ತಿರುಗಿಸಿಕೊಂಡು ಬಂದು, ಅದೇ ಬೀಗವನ್ನು ಜಗ್ಗಿ ನೋಡುವ ಹೆಂಗಸು ನಾನು. ಕಾಗದಪತ್ರದ ವಿಷಯದಲ್ಲಂತೂ ಕೇಳಲೇಬೇಡಿ. ಆದರೆ ಈ ರೋಗಕ್ಕೊಂದು ಮೂಲವಿದೆ. ಅದನ್ನು ಹೇಳಬೇಕಾದರೆ ನಿಮ್ಮನ್ನು ಭದ್ರಾವತಿಗೆ ಕರೆದುಕೊಂಡು ಹೋಗಬೇಕು.

ಅಪ್ಪ ಕಾರ್ಖಾನೆಯಲ್ಲಿದ್ದರು. ನಮ್ಮ ಕ್ವಾರ್ಟರ್ಸಿನ ಸಾಲಿನಲ್ಲಿ ಒಂದೊಂದು ಮನೆಗೆ ಒಂದೊಂದು ಭಾಷೆ. ಅಮ್ಮ ಚೀಲ ಅನ್ನುತ್ತಿದ್ದುದನ್ನು ಅಪ್ಪ ಬ್ಯಾಗು ಅನ್ನುತ್ತಿದ್ದರು, ಎಡಗಡೆ ಮನೆಯ ತಮಿಳರು ಪೈ ಅನ್ನುತ್ತಿದ್ದರು. ಪೈ ಎಂದರೆ ಯಾರೋ ಅಂಗಡಿ ಯಜಮಾನರ ಹೆಸರೆಂದು ನಾನು ಬಹಳ ದಿನ ತಿಳಿದಿದ್ದೆ. ತಾಲ್ಲೂಕು ಕಚೇರಿಯಲ್ಲಿದ್ದ ನಮ್ಮ ಮಾವನಿಗೆ ಕಾಗದ ಇರುವುದೆಲ್ಲ ಕಡತವೇ. ಮದುವೆಯ ಕರೆಯೋಲೆ ತುಂಬಿದ ಚೀಲವನ್ನೂ ಅವರು ಹಾಗೇ ಕರೆದಿದ್ದುಂಟು. ಬಲಗಡೆ ಮನೆಯ ರಮಣಮ್ಮನವರು ಮಾತ್ರ ಸಂಚಿ ಎನ್ನುತ್ತಿದ್ದರು. ತೆಲುಗಿನಲ್ಲಿ ಚೀಲಕ್ಕೆ ಸಂಚಿ. ಗಂಡನ ಜೊತೆ ಬಂದು ಇಪ್ಪತ್ತು ವರ್ಷ ಕಳೆದು, ಕನ್ನಡ ನೀರಿನ ಹಾಗೆ ಬರುತ್ತಿದ್ದರೂ ಅದೊಂದು ಪದ ಅವರ ಬಾಯಲ್ಲಿ ಉಳಿದುಬಿಟ್ಟಿತ್ತು.

ನಮ್ಮ ಅಜ್ಜಿಗೆ ಲೋಕದಲ್ಲಿದ್ದುದು ಒಂದೇ ಸಂಚಿ, ಎಲೆಯಡಿಕೆಯದು. ಸೊಂಟದಲ್ಲಿ ಸಿಕ್ಕಿಸಿಕೊಂಡಿರುತ್ತಿದ್ದ ಅದನ್ನು ದಿನಾ ರಮಣಮ್ಮನವರ ಜಗಲಿಯಲ್ಲಿ ಬಿಚ್ಚಿ ಕೂರುವುದು, ದಿನ ಬಿಟ್ಟು ದಿನ ಅಲ್ಲೇ ಮರೆತು ಬರುವುದು.

ನನಗೆ ಮೇಷ್ಟ್ರ ಕೆಲಸಕ್ಕೆ ಆಯ್ಕೆಪಟ್ಟಿಯಲ್ಲಿ ಹೆಸರು ಬಂದಿತ್ತು. ಮೂಲ ದಾಖಲೆಗಳನ್ನು ಶಿವಮೊಗ್ಗದ ಕಚೇರಿಯಲ್ಲಿ ತೋರಿಸಬೇಕು, ನಾನು ಹೊರಟದ್ದೇ ಕೊನೆಯ ದಿನ. ಅಪ್ಪ ಹೊಸ ರೆಕ್ಸಿನ್ ಬ್ಯಾಗು ತಂದುಕೊಟ್ಟಿದ್ದರು. ಅದರಲ್ಲಿ ಮೂಲ ಪ್ರತಿಗಳು. ಬೇರೆಯದೊಂದು ಪ್ಲಾಸ್ಟಿಕ್ ಫೈಲಿನಲ್ಲಿ ಜೆರಾಕ್ಸು. ಬೆಳಿಗ್ಗೆ ರಮಣಮ್ಮನವರ ಮನೆಗೆ ಹೋಗಿ ಕಾಲಿಗೆ ಬಿದ್ದೆ. ಬೀಳುವಾಗ ಬ್ಯಾಗು ಕೆಳಗಿಟ್ಟೆ. ಅವರು ಕುಂಕುಮ ಇಟ್ಟು ಬಾಯಿಗೆ ಸಕ್ಕರೆ ಹಾಕಿದರು. ಬಸ್ಸಿನ ಹೊತ್ತಾಯಿತೆಂದು ಫೈಲು ಹಿಡಿದುಕೊಂಡು ಓಡಿದೆ.

ಕಚೇರಿಯ ಸಾಲಿನಲ್ಲಿ ನನ್ನ ಸರದಿ ಬಂದಾಗಲೇ ಗೊತ್ತಾದದ್ದು, ಕೈಯಲ್ಲಿರುವುದು ಬರೀ ಜೆರಾಕ್ಸು. ಗುಮಾಸ್ತರು ಒಳ್ಳೆಯವರೇ. "ಐದು ಗಂಟೆ ಒಳಗೆ ಒರಿಜಿನಲ್ ತನ್ನಿ. ಆಮೇಲೆ ಪಟ್ಟಿ ಕಳಿಸಿಬಿಡ್ತೀವಿ, ನನ್ನ ಕೈಯಲ್ಲಿ ಏನೂ ಇರಲ್ಲ" ಎಂದರು. ಬೂತಿನಿಂದ ಮನೆಗೆ ಫೋನು ಮಾಡಿದೆ. ಅಮ್ಮ ಬೀರು, ಮಂಚದಡಿ, ಅಕ್ಕಿ ಡಬ್ಬದ ಹಿಂದೆ ಎಲ್ಲ ಹುಡುಕಿದರು. ಇಲ್ಲ. ಹಾಗಾದರೆ ಬಸ್ಸಿನಲ್ಲೇ ಬಿಟ್ಟಿರಬೇಕು ಎಂದು ನಾನು ಇಲ್ಲಿಯ ಬಸ್ ಸ್ಟ್ಯಾಂಡಿಗೆ ಓಡಿದೆ, ಅಮ್ಮ ಅಲ್ಲಿಯದಕ್ಕೆ. ಒಂದೊಂದು ಬಸ್ಸನ್ನೂ ಹತ್ತಿ ಸೀಟಿನಡಿ ಬಗ್ಗಿ ನೋಡಿದೆ. ಒಬ್ಬ ಕಂಡಕ್ಟರು "ಏನ್ ಬ್ಯಾಗಮ್ಮ? ಸ್ಕೂಲ್ ಬ್ಯಾಗಾ, ವ್ಯಾನಿಟಿ ಬ್ಯಾಗಾ?" ಎಂದು ಕೇಳಿದಾಗ ಅಳುವೇ ಬಂತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ನನ್ನ ಕೂಸು ಪಕ್ಕದ ಮನೆಯ ಕಂಬದ ಬುಡದಲ್ಲಿ ಕೂತಿತ್ತು.

ನಾನು ಹೊರಟ ಅರ್ಧ ಗಂಟೆಗೇ ರಮಣಮ್ಮನವರು ಬೇಲಿಯ ಹತ್ತಿರ ಬಂದು ಹೇಳಿದ್ದರು. "ಅಜ್ಜಿ, ಸಂಚಿ ನಮ್ಮನೇಲೇ ಉಳ್ಕೊಂಡಿದೆ, ತಂದುಕೊಡ್ಲಾ?"

"ಇರ್ಲಿ ಬಿಡೇ ಮಾರಾಯ್ತಿ, ಊಟ ಆದ್ಮೇಲೆ ಬಂದು ತಗೋತೀನಿ" ಎಂದಿದ್ದರು ನಮ್ಮಜ್ಜಿ. ಮನೆಯೆಲ್ಲ ಅಡಿಮೇಲಾಗುವಾಗಲೂ ಅವರಿಗೆ ಎರಡಕ್ಕೂ ನಂಟು ಹೊಳೆಯಲಿಲ್ಲ. ಹುಡುಕುತ್ತಿದ್ದುದು ಬ್ಯಾಗಲ್ಲವೇ?

ಊಟವಾಗಿ ಎಲೆ ಹಾಕಿಕೊಳ್ಳಲು ಅಭ್ಯಾಸಬಲದಿಂದ ಸೊಂಟಕ್ಕೆ ಕೈ ಹಾಕಿದರೆ ಸಂಚಿ ಅಲ್ಲೇ ಇದೆ! ಅಜ್ಜಿ ಎಲೆಯನ್ನು ಬಾಯಿಗೆ ಹಾಕದೆ ಬೇಲಿಗೆ ಓಡಿದರಂತೆ. "ಏ ರಮಣಮ್ಮ, ನೀನು ಹೇಳಿದ್ದು ಯಾವ ಸಂಚಿನೇ?"

ಅಮ್ಮ ಇನ್ನೂ ಬಸ್ ಸ್ಟ್ಯಾಂಡಿನಿಂದ ಬಂದಿರಲಿಲ್ಲ, ಅಪ್ಪ ಶಿಫ್ಟಿನಲ್ಲಿ. ಶಿವಮೊಗ್ಗಕ್ಕೆ ಒಬ್ಬರೇ ಎಂದೂ ಬಾರದ, ಕನ್ನಡದ ಬೋರ್ಡು ಓದಲು ಬಾರದ ರಮಣಮ್ಮನವರು ಉಟ್ಟ ಸೀರೆಯಲ್ಲೇ ಬಸ್ಸು ಹತ್ತಿದರು. ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ ನನಗೆ ಅವರು ಕಂಡಾಗ ಐದಕ್ಕೆ ಹತ್ತು ನಿಮಿಷ. ಬ್ಯಾಗನ್ನು ಎರಡೂ ಕೈಯಿಂದ ಎದೆಗೆ ಒತ್ತಿಕೊಂಡಿದ್ದರು. ಏದುಸಿರಿನಲ್ಲೇ ನಡೆದದ್ದು ಹೇಳಿದರು.

ನಾನು ಏನು ಮಾಡಬೇಕಿತ್ತು, ನೀವೇ ಹೇಳಿ. ಮತ್ತೆ ಕಾಲಿಗೆ ಬೀಳಬೇಕಿತ್ತು. ಬ್ಯಾಗು ಕಿತ್ತುಕೊಂಡೆ. "ಬ್ಯಾಗು ಅನ್ನೋಕೆ ಏನಾಗಿತ್ತು ನಿಮ್ಗೆ? ಇಪ್ಪತ್ತು ವರ್ಷದಿಂದ ಇದೀರಿ, ಒಂದು ಮಾತು ಕನ್ನಡದಲ್ಲಿ ಹೇಳೋಕೆ ಬರಲ್ವಾ?" ಎಂದು ಸಾಲಿನ ಜನರೆಲ್ಲ ತಿರುಗಿ ನೋಡುವಂತೆ ಕೂಗಿದೆ. ಸಂಚಿ ಕನ್ನಡವೂ ಹೌದು ಎನ್ನುವುದು ಕನ್ನಡದ ಮೇಷ್ಟ್ರಾಗಲು ಹೊರಟವಳಿಗೆ ಆಗ ನೆನಪಾಗಲಿಲ್ಲ.

"ತಪ್ಪಾಯ್ತು ಅಮ್ಮಾಯಿ" ಎಂದರು ಅವರು.

ಕೆಲಸ ಸಿಕ್ಕಿತು. ಆ ದಿನದ ನಂತರ ರಮಣಮ್ಮನವರು ನನ್ನೆದುರು ಆ ಪದ ಆಡಿದ್ದನ್ನು ನಾನು ಕೇಳಲಿಲ್ಲ. ತರಕಾರಿಗೆ ಹೊರಟರೂ "ಬ್ಯಾಗು" ಎಂದು ಒತ್ತಿ ಹೇಳುತ್ತಿದ್ದರು. ಒಂದೊಂದು ಸಲ ಹೇಳಿದಾಗಲೂ ನನಗೆ ಚುರುಕ್ ಎನ್ನುತ್ತಿತ್ತು. ಕ್ಷಮಿಸಿ ಎನ್ನಲು ಹೊರಡುವುದು, ಬೇರೇನೋ ಮಾತಾಡಿ ಬರುವುದು. ವರ್ಷಗಳು ಹೀಗೇ ಹೋದವು.

ಅವರೀಗ ಶಿವಮೊಗ್ಗದಲ್ಲೇ, ಆಲ್ಕೊಳದ ತಂಗಿಯ ಮನೆಯಲ್ಲಿದ್ದಾರೆ. ಮೊನ್ನೆ ಅಂಗಡಿಯಿಂದ ನೇರ ಅಲ್ಲಿಗೇ ಹೋದೆವು. ಮಗಳು ಕಾಲಿಗೆ ಬಿದ್ದಳು. ಆಶೀರ್ವಾದ ಮಾಡಿದ ರಮಣಮ್ಮನವರು ನನ್ನ ಕಡೆ ಒಮ್ಮೆ ನೋಡಿ, "ಬ್ಯಾಗು ಜೋಪಾನ" ಎಂದರು. ಆ ನೋಟವನ್ನು ನನಗೆ ತಡೆಯಲಾಗಲಿಲ್ಲ.

"ಅವತ್ತು ಹಾಗೆ ಕೂಗಬಾರದಿತ್ತು ರಮಣಮ್ಮ. ನನ್ನಿಂದ ನೀವು ನಿಮ್ಮ ಮಾತೇ ಬಿಟ್ಟುಬಿಟ್ರಿ" ಎಂದೆ. ಕೊನೆಗೂ ಎಂದೆ.

ಅವರು ಪೂರ್ತಿ ನನ್ನ ಕಡೆ ತಿರುಗಿದರು. "ನೀನು ಬೈದಿದ್ದಕ್ಕೆ ಅಂದ್ಕೊಂಡ್ಯಾ? ಅಯ್ಯೋ ಪಿಚ್ಚಿ, ಹುಚ್ಚು ಹುಡುಗಿ! ಬೈದಿದ್ದು ಅವತ್ತೇ ಮರ್ತೆ. ಆ ಮೆಟ್ಲ ಮೇಲೆ ನಿನ್ನ ಮುಖ ನೋಡಿದ್ನಲ್ಲ, ಬೆಳಿಗ್ಗೆ ಸಕ್ಕರೆ ತಿಂದು ಹೋದ ಮುಖಾನಾ ಅದು? ಆ ಮಾತು ಬಾಯಿಗೆ ಬಂದ್ರೆ ಆ ಮುಖ ಕಣ್ಮುಂದೆ ಬರುತ್ತೆ. ಅದಕ್ಕೇ ಆಡಲ್ಲ."

"ಯಾವ ಮಾತಮ್ಮ?" ಎಂದಳು ಮಗಳು.

ನಾನು ಹೇಳಿದೆ. ತೆಲುಗಿನಲ್ಲಿ ಅದಕ್ಕೇನರ್ಥ, ಕನ್ನಡದಲ್ಲಿ ಏನು ಎಂದು ಪಾಠವನ್ನೇ ಮಾಡಿದೆ. ಹೇಳುವಾಗ ಬೇಕೆಂದೇ ರಮಣಮ್ಮನವರ ಎದುರಿಗೆ ಕೂತೆ, ಅವರಿಗೆ ನನ್ನ ಈಗಿನ ಮುಖ ಕಾಣಲಿ ಎಂದು.