ಚಿಗಳ್ಳಿಯಲ್ಲಿ ಕಟ್ಟಿಸಿದ ಜಪಾನಿ ಸೆಟ್ಟು

ಕಳೆದ ತಿಂಗಳು ದೋಸೆಗೆ ರುಬ್ಬುವಾಗ ಮಿಕ್ಸರ್ ಸುಟ್ಟುಹೋಯಿತು. ಸುಟ್ಟ ವಾರ್ನಿಶ್, ಬಿಸಿ ತಾಮ್ರ, ಅದರ ಮೇಲೆ ಒಂದಿಷ್ಟು ಹಳೆಯ ಧೂಳು ಎಲ್ಲ ಕೂಡಿದ ವಾಸನೆ ಅಡುಗೆಮನೆ ತುಂಬಿತು. ನಾನು ಸ್ವಿಚ್ಚು ಆರಿಸುವುದನ್ನು ಬಿಟ್ಟು "ಅವ್ವಾ!" ಎಂದು ಕೂಗಿದೆ. ಅವ್ವ ತೀರಿಕೊಂಡು ವರ್ಷಗಳಾದವು. ನನ್ನ ಮೂಗಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲವೆಂದು ಕಾಣುತ್ತದೆ.

ಮುಂದೆ ಹೇಳುವುದರಲ್ಲಿ ಕೆಲವು ತಪ್ಪಿರಬಹುದು, ಮೊದಲೇ ಹೇಳಿಬಿಡುತ್ತೇನೆ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ ನಾನು ಗಟ್ಟಿಯಾಗಿ ಕಲಿತದ್ದು ಒಂದೇ: ಕಣ್ಣಾರೆ ಕಂಡೆ ಎನ್ನುವವರನ್ನು ಸುಲಭಕ್ಕೆ ನಂಬಬಾರದು. ದಿನಚರಿ ಬರೆಯುವ ಚಟವೇನೋ ನನಗೆ ಚಿಕ್ಕಂದಿನಿಂದ ಇತ್ತು. ಆದರೆ ಅದೂ ಅಂಥ ಸಾಕ್ಷಿಯಲ್ಲ. ನಾನು ಈಗ ಹೇಳಹೊರಟ ಪ್ರಯಾಣದ ದಿನ, ಏಳನೆಯ ತರಗತಿಯಲ್ಲಿದ್ದ ನಾನು ಬರೆದಿಟ್ಟದ್ದು ಇಷ್ಟು: "ಮುಂಡಗೋಡಕ್ಕೆ ಹೋಗಿದ್ದೆವು. ಮಿರ್ಚಿ ಬಜಿ ತಿಂದೆ. ಖಾರ ಇತ್ತು." ಇತಿಹಾಸಕ್ಕೆ ದಕ್ಕಿದ್ದು ಬಜಿ. ಮಿಕ್ಕದ್ದನ್ನು ನೀವು ನನ್ನ ಮಾತಿನ ಮೇಲೆ ಒಪ್ಪಬೇಕು.

ಎಪ್ಪತ್ತರ ದಶಕದ ಕೊನೆ ಇರಬೇಕು. ದಾಂಡೇಲಿಯಲ್ಲಿ ಟಿಂಬರ್ ಡಿಪೋದ ಹಿಂದೆ ನಮ್ಮ ಮನೆ. ಅಪ್ಪ ಡಿಪೋದ ಗುಮಾಸ್ತ, ತಿಂಗಳ ಅರ್ಧದಷ್ಟು ದಿನ ಜೋಯಿಡಾ, ಅಣಶಿ ಕಡೆ ಕ್ಯಾಂಪಿನಲ್ಲಿ. ಈ ಕತೆಗೂ ಅವರು ಬರುವುದಿಲ್ಲ. ಮನೆಯಲ್ಲಿ ಇದ್ದವರು ಅವ್ವ, ನಾನು ಮತ್ತು ಅಪ್ಪನ ತಮ್ಮ, ಅಂದರೆ ನಮ್ಮ ಕಾಕಾ. ಕಾಕಾನಿಗೆ ಕೆಲಸ ಸಿಗುವುದು ಇನ್ನೂ ಬಾಕಿ ಇತ್ತು. ಆದ್ದರಿಂದ ಅವನಿಗೆ ಎಲ್ಲ ವಿಷಯಗಳನ್ನು ಯೋಚಿಸಲು ಬೇಕಾದಷ್ಟು ಸಮಯವಿತ್ತು.

ಅವ್ವನಿಗೆ ಒಬ್ಬನೇ ತಮ್ಮ. ಅವರ ತಾಯಿ ಬೇಗ ಹೋದದ್ದರಿಂದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವ್ವ. ಮಾಮಾ ಸರಕು ಹಡಗಿನಲ್ಲಿ ಅಡುಗೆಯವನಾಗಿದ್ದ. ಒಮ್ಮೆ ಜಪಾನಿನಿಂದ ಒಂದು ಸ್ಟೀರಿಯೋ ರಿಸೀವರ್ ತಂದ. ಬೆಳ್ಳಿಯ ಮಾರಿ, ಹೊತ್ತಿಸಿದರೆ ನೀಲಿ ಬೆಳಕು, ಎರಡು ಸ್ಪೀಕರ್ ಪೆಟ್ಟಿಗೆ. ಎತ್ತಿದರೆ ಗೋಧಿ ಚೀಲದ ಭಾರ. ನಾವು ಅದಕ್ಕೆ ಸೆಟ್ಟು ಎಂದೆವು. ಅದನ್ನು ಧಾರವಾಡದ ತನ್ನ ಚಿಕ್ಕಪ್ಪಂದಿರ ಮನೆಯಲ್ಲಿ ಇಡದೆ ಮಾಮಾ ನಮ್ಮಲ್ಲಿಗೆ ತಂದ.

"ಅಕ್ಕಾ, ಇದು ನನ್ನ ಲಗ್ನದ ಸಾಮಾನು. ಮನಿ ಮಾಡಿದ ಮ್ಯಾಲ ಒಯ್ತೇನಿ. ಅಲ್ಲೀತನಕ ನೀವು ಕೇಳ್ರಿ. ಆದ್ರ ಅದರ ಹಿಂದ ಯಾರೂ ಕೈ ಹಚ್ಚಬ್ಯಾಡ್ರಿ."

"ನನ್ನ ಮನ್ಯಾಗ ಇಟ್ಟದ್ದು ಇಟ್ಟಂಗ ಇರ್ತೈತಿ. ನೀ ನಿಶ್ಚಿಂತಿಂದ ಹೋಗು," ಎಂದಳು ಅವ್ವ.

ಈ ಮಾತಿನ ತೂಕ ಸೆಟ್ಟಿಗಿಂತ ಹೆಚ್ಚಿನದು. ಅವ್ವನ ತವರಿನವರ ಲೆಕ್ಕದಲ್ಲಿ ದಾಂಡೇಲಿ ಎಂದರೆ ಹುಲಿಗಳು ಸಂತೆಗೆ ಬಂದು ಹೋಗುವ ಊರು. ಕಾಡಿಗೆ ಹೆಣ್ಣು ಕೊಟ್ಟೆವಲ್ಲ ಎಂಬ ಮಾತನ್ನು ಪ್ರತಿ ಹಬ್ಬದ ಊಟದ ಜೊತೆ ಬಡಿಸುತ್ತಿದ್ದರು. ಆ ಮಾತಿಗೆ ನಗದವನು ಮಾಮಾ ಒಬ್ಬನೇ. ಅವನೀಗ ತನ್ನ ಬದುಕಿನ ಅತಿ ಅಂದದ ವಸ್ತುವನ್ನು ಇದೇ ಕಾಡಿನ ಮನೆಗೆ ಒಪ್ಪಿಸಿದ್ದ. ಅವ್ವ ಅದಕ್ಕೊಂದು ಹೂವಿನ ಬಟ್ಟೆ ಹೊಲಿದಳು. ನಾವು ಅದರ ಮುಂದೆ ಸೀನುವಾಗಲೂ ಮುಖ ತಿರುಗಿಸುತ್ತಿದ್ದೆವು.

ತೊಂದರೆ ಬಂದದ್ದು ಕರೆಂಟಿನಿಂದ. ನಮ್ಮ ಕಾಳಿ ನದಿಯಿಂದ ನಾಡಿಗೆಲ್ಲ ಬೆಳಕು ಕೊಡುವ ಕೆಲಸ ಆಗ ಭರದಿಂದ ನಡೆದಿತ್ತು. ನಮ್ಮ ಓಣಿಯಲ್ಲಿ ಮಾತ್ರ ಸಂಜೆಯಾದರೆ ಬಲ್ಬಿನ ತಂತಿ ಬೀಡಿಯ ತುದಿಯಂತೆ ಕೆಂಪಗಾಗಿ ಕೂತಿರುತ್ತಿತ್ತು. ಅಷ್ಟು ಕರೆಂಟಿನಲ್ಲಿ ಸೆಟ್ಟು ಹಾಡುತ್ತಿರಲಿಲ್ಲ, ನಿಟ್ಟುಸಿರು ಬಿಡುತ್ತಿತ್ತು. ಧಾರವಾಡ ಕೇಂದ್ರದ ಚಿತ್ರಗೀತೆಗಳು ಬರುವುದೋ ಸಂಜೆಗೇ.

ಕಾಕಾ ಯೋಚಿಸಿದ. ಸೆಟ್ಟಿನ ಹಿಂದೆ ಒಂದು ಸ್ಕ್ರೂ ಇದ್ದು, ಅದರ ಸುತ್ತ 110, 220 ಎಂದು ಬರೆದಿತ್ತು. ಮುಳ್ಳು 220ರ ಕಡೆ ಇತ್ತು.

"ನೋಡು ವೈನಿ, ನಮಗ ಸಂಜೀಕ ಬರೂದು ಅರ್ಧಾ ಕರೆಂಟು. ಅರ್ಧಾ ಕರೆಂಟಿಗೆ ಅರ್ಧಾ ನಂಬರ್ ಇಡಬೇಕು. ಜಪಾನಿನವ್ರು ನಮ್ಮ ದಾಂಡೇಲಿ ನೋಡೇ ಮಾಡ್ಯಾರ."

"ಹಿಂದ ಕೈ ಹಚ್ಚಬ್ಯಾಡ್ರಿ ಅಂದಾನ."

"ಸ್ಕ್ರೂ ಅಂದ್ರ ತಿರುವಾಕ ಅಂತನ ಇರ್ತೈತಿ. ತಿರುವಬಾರದಿತ್ತು ಅಂದ್ರ ಮೊಳಿ ಹೊಡೀತಿದ್ರು."

ಕಾಕಾ ತಿರುವಿದ. ಸೆಟ್ಟು ಗಂಟಲು ಬಿಚ್ಚಿ ಹಾಡಿತು! ಓಣಿಯ ಮಂದಿ ಬಂದು ಕಟ್ಟೆಯ ಮೇಲೆ ಕೂತರು. ಎಡಗಡೆಯ ಪೆಟ್ಟಿಗೆಯಲ್ಲಿ ಗಂಡಸರು, ಬಲಗಡೆಯದರಲ್ಲಿ ಹೆಂಗಸರು ಹಾಡುತ್ತಾರೆಂದು ಕಾಕಾ ವಿವರಿಸಿದ. ಎಲ್ಲರೂ ಕಿವಿ ಹಚ್ಚಿ ನೋಡಿ ಹೌದೆಂದರು. ಮಲಗುವ ಮೊದಲು ಅವನು ಸ್ಕ್ರೂ ಹೊಳ್ಳಿ 220ಕ್ಕೆ ಇಡುತ್ತಿದ್ದ. ಹೀಗೆ ಕೆಲವು ವಾರ ನಮ್ಮ ಮನೆ ಸುಖವಾಗಿತ್ತು.

ಒಂದು ರಾತ್ರಿ ಅವನು ಹಾಗೆ ಇಡುವುದನ್ನು ಮರೆತ. ಮರುದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿದು ಮುಗಿಸಿ, ಒಮ್ಮೆಯಾದರೂ ಯಾರೂ ಇಲ್ಲದಾಗ ತಾನೊಬ್ಬಳೇ ಕೇಳಬೇಕೆಂದು ಗುಂಡಿ ಒತ್ತಿದಳು. ಬೆಳಗಿನ ಕರೆಂಟು ಚೆನ್ನಾಗಿ ನಿದ್ದೆ ಮಾಡಿ ಎದ್ದು ಪೂರ್ತಿ ಬಲದಲ್ಲಿ ಬಂದಿತ್ತು. ಫಟ್ ಎಂದಿತು. ಹೊಗೆ ಬಂತೆಂದು ಕಾಕಾ ಹೇಳುತ್ತಾನೆ. ನನಗೆ ನೆನಪಿರುವುದು ವಾಸನೆ, ಮತ್ತು ಹಿಟ್ಟಿನ ಕೈಗಳನ್ನು ಹಾಗೇ ಮುಂದೆ ಹಿಡಿದು ನಿಂತ ಅವ್ವ.

"ನನ್ನ ತಮ್ಮಗ ಏನ್ ಮಾರಿ ತೋರಸ್ಲಿ?"

ಅದೇ ವಾರ ಮಾಮಾನ ಕಾರ್ಡು ಬಂತು. ಕನ್ಯೆ ಗೊತ್ತಾಗಿದೆ, ದೀಪಾವಳಿಗೆ ಬಂದು ಸೆಟ್ಟು ಒಯ್ಯುತ್ತೇನೆ.

ದಾಂಡೇಲಿಯ ಬಸ್ ಸ್ಟ್ಯಾಂಡಿನ ಹತ್ತಿರ ರೇಡಿಯೋ ರಿಪೇರಿ ಮಾಡುವ ಸಾಹೇಬರೊಬ್ಬರಿದ್ದರು. ಅವರು ಮುಚ್ಚಳ ತೆಗೆದು ಬಹಳ ಹೊತ್ತು ಒಳಗೆ ನೋಡಿದರು. "ಅಕ್ಕಾರ, ನಮ್ಮ ರೇಡಿಯೋದಾಗ ಇರೂವಂಥ ವಾಲ್ವ್ ಇದರಾಗ ಒಂದೂ ಇಲ್ಲ. ಇಷ್ಟು ದಿನಾ ಇದು ಹೆಂಗ ಹಾಡ್ತು?" ಎಂದರು. ಹಾಡಿದ್ದೇ ತಪ್ಪು ಎಂಬಂತಿತ್ತು ಧ್ವನಿ. ಆಮೇಲೆ ತಮ್ಮ ಹೆಗಲ ಟವೆಲ್ಲನ್ನೇ ಅದರ ಮೇಲೆ ಹೊದಿಸಿ, ಕಣ್ಣು ಮುಚ್ಚಿ, "ಹಳಿಯಾಳಕ್ಕ ಒಯ್ರಿ" ಎಂದರು.

ಹಳಿಯಾಳದವನ ಅಂಗಡಿಯ ಗೋಡೆಗಳ ತುಂಬ ಸತ್ತ ರೇಡಿಯೋಗಳು, ಒಂದೊಂದಕ್ಕೂ ಯಜಮಾನನ ಹೆಸರಿನ ಚೀಟಿ. ಅವನು ಒಳಗೆ ನೋಡಲೂ ಇಲ್ಲ, ಮೂಸಿದ. "ಟ್ರಾನ್ಸ್‌ಫಾರ್ಮರ್ ಖಲಾಸ್. ತಾಮ್ರದ ತಂತಿ ಸುತ್ತಿ ಹೊಸದಾಗಿ ಕಟ್ಟಬೇಕು. ಇಟ್ಟು ಹೋಗ್ರಿ, ನೋಡೂಣು." ಅವ್ವ ಚೀಟಿಗಳನ್ನು ಓದುತ್ತ ನಿಂತಳು. ಒಂದರ ಮೇಲೆ ನಮ್ಮ ಓಣಿಯ ಅಜ್ಜನೊಬ್ಬನ ಹೆಸರಿತ್ತು. ಅವನ ವರ್ಷಶ್ರಾದ್ಧದ ಊಟ ನಾವು ಉಂಡು ಬಂದಿದ್ದೆವು.

"ಏಳ್ರಿ," ಎಂದು ಅವ್ವ ಸೆಟ್ಟನ್ನು ಎತ್ತಿಕೊಂಡಳು. "ಇಲ್ಲಿ ಇಟ್ರ ನನ್ನ ತಮ್ಮನ ಮೊಮ್ಮಗನ ಲಗ್ನಕ್ಕೂ ಸಿಗೂದಿಲ್ಲ."

ತಂತಿ ಸುತ್ತಿ ಕಟ್ಟುವವರು ಪಂಪ್‌ಸೆಟ್ಟಿನವರು, ಪಂಪ್‌ಸೆಟ್ಟು ಇರುವುದು ಗದ್ದೆಯ ಸೀಮೆಯಲ್ಲಿ, ಆದ್ದರಿಂದ ಮುಂಡಗೋಡ: ಇದು ಕಾಕಾನ ಲೆಕ್ಕ. ಅವನ ಹಿಂದಿನ ಲೆಕ್ಕದ ಫಲ ಹಳೆ ಬಟ್ಟೆ ಹೊಲಿದು ಮಾಡಿದ ಕೌದಿಯಲ್ಲಿ ಸುತ್ತಿಕೊಂಡು ಅವ್ವನ ತೊಡೆಯ ಮೇಲೇ ಇದ್ದರೂ ನಾವು ಬಸ್ಸು ಹತ್ತಿದೆವು. ಕಾಕಾ ಒಂದು ಸ್ಪೀಕರ್, ನಾನು ಒಂದು. ಪಕ್ಕದ ಸೀಟಿನಲ್ಲಿ ಹಳಿಯಾಳ ಕಡೆಯ ಸಿದ್ದಿ ಹೆಂಗಸೊಬ್ಬಳು, ಕಾಲ ಬಳಿ ಎರಡು ಕೋಳಿ. ಸ್ವಲ್ಪ ದೂರ ಹೋದ ಮೇಲೆ ಅವಳು ಅವ್ವನ ಕಡೆ ವಾಲಿದಳು.

"ಕೂಸಿಗೆ ಜ್ವರಾನೇನವ್ವಾ? ಮಾರಿತನಕ ಹೊಚ್ಚಿಯಲ್ಲ."

ಅವ್ವನ ಮನಸ್ಸು ಎಲ್ಲೋ ಇತ್ತು. "ಜ್ವರ ಅಲ್ಲ. ಸುಟ್ಟೈತಿ."

"ಅಯ್ಯ ದೇವರ! ನಿನ್ನದ?"

"ನನ್ನ ತಮ್ಮಂದು."

"ಅದರ ತಾಯಿ ಎಲ್ಲದಾಳ?"

"ಎಲ್ಲೀ ತಾಯಿ? ಅವಂದು ಇನ್ನೂ ಲಗ್ನಾನ ಆಗಿಲ್ಲ."

ಮುಂದಿನ ಸೀಟಿನವರು ತಿರುಗಿ ನೋಡಿ ಮತ್ತೆ ಗಡಬಡಿಸಿ ಮುಂದೆ ನೋಡಿದರು. ಆ ಹೆಂಗಸು ಮಾತ್ರ ನಿಟ್ಟುಸಿರಿಟ್ಟು, "ಪಾಪ, ಅದರದೇನು ತಪ್ಪು" ಎಂದು ಗಂಟನ್ನು ತಟ್ಟಿದಳು. ಠಣ್ ಎಂದಿತು. ಕಾಕಾ ನಗಲಾರದೆ ಕೆಮ್ಮಿ, ಕೆಮ್ಮಲಾರದೆ ನಕ್ಕು, ಕೌದಿಯ ಮೂಲೆ ಸರಿಸಿ ತೋರಿಸಿದ. ಅವಳು ನಕ್ಕ ನಗೆಗೆ ಕೋಳಿಗಳೂ ಕೂಗಿದವು. ಕಣ್ಣು ಒರೆಸಿಕೊಂಡು ಕೌದಿಯ ಅಂಚನ್ನು ಬೆರಳಲ್ಲಿ ಹಿಡಿದು ನೋಡಿದಳು. "ಈ ಹೊಲಿಗಿ ನಮ್ಮೂರ ಮಂದೀದು. ಇದರಾಗ ಸುತ್ತೀರಿ ಅಂದಮ್ಯಾಲ ಬದುಕತೈತಿ ಬಿಡ್ರಿ. ಮುಂಡಗೋಡದ ಹತ್ರ ಚಿಗಳ್ಳ್ಯಾಗ ಬಸಣ್ಣ ಅಂತ ಮೋಟರ್ ಕಟ್ಟಾಂವ ಅದಾನ. ಅವನ ಕಡೆ ಹೋಗ್ರಿ."

ಬಸಣ್ಣನ ಶೆಡ್ಡಿನಲ್ಲಿ ಮಣ್ಣು ಮೆತ್ತಿದ ಮೋಟರುಗಳು ಎಮ್ಮೆಗಳಂತೆ ಬಿದ್ದಿದ್ದವು. ಅವುಗಳ ನಡುವೆ ನಮ್ಮ ಬೆಳ್ಳಿ ಮಾರಿಯ ಸೆಟ್ಟು ಪಟ್ಟಣದ ಸೊಸೆಯಂತೆ ಕೂತಿತು. ಬಸಣ್ಣ ಹಿಂಜರಿಯುವ ಆಳಲ್ಲ.

"ಭೂಮ್ಯಾಗಿನ ನೀರ ಮ್ಯಾಲ ತರಾಂವ ನಾ. ಗಾಳ್ಯಾಗಿನ ಹಾಡು ಕೆಳಗ ತರೂದು ಏನ್ ದೊಡ್ಡದು?"

ಸುಟ್ಟ ತಂತಿಯನ್ನು ಬಿಚ್ಚುತ್ತ ಸುತ್ತುಗಳನ್ನು ಎಣಿಸುವುದು, ಮತ್ತೆ ಅಷ್ಟೇ ಸುತ್ತು ಹೊಸ ತಂತಿ ಸುತ್ತುವುದು ಅವನ ಕ್ರಮ. ಎಣಿಸುವಾಗ ಯಾರೂ ಮಾತಾಡಬಾರದು. ಕಾಕಾ ಮಾತಾಡದೆ ಇರಲು ಪ್ರಯತ್ನಿಸಿದ, ಅದನ್ನು ನಾನು ಒಪ್ಪುತ್ತೇನೆ. ಆದರೆ ನಡುವೆ ಎಲ್ಲಿಯೋ, "ಬಸಣ್ಣಾ, ಎಷ್ಟಾತು?" ಎಂದುಬಿಟ್ಟ. ಬಸಣ್ಣ ತಲೆ ಎತ್ತಿ ಅವನನ್ನು ನೋಡಿದ. ತಂತಿಯನ್ನು ನೋಡಿದ. "ಇರ್ಲಿ, ಒಂದ್ ನಾಲ್ಕು ಸುತ್ತು ಹೆಚ್ಚು ಕಡಿಮಿ ಆದ್ರೂ ನೀರು ಬರ್ತೈತಿ," ಎಂದ.

ಮಿರ್ಚಿ ಬಜಿ ತಿಂದದ್ದು ಈ ಹೊತ್ತಿನಲ್ಲೇ ಇರಬೇಕು. ಮರಳಿ ಬಂದಾಗ ಸೆಟ್ಟಿನ ನೀಲಿ ದೀಪ ಹೊತ್ತಿತ್ತು, ಹಾಡು ಬರುತ್ತಿತ್ತು. ಹಾಡಿನ ಹಿಂದೆ, ದೂರದ ಗದ್ದೆಯಲ್ಲಿ ಮೋಟರು ನಡೆದಂತೆ, ಬಿಡದೆ ಒಂದು ಗುಂಯ್.

"ಕೇಳ್ರಿ, ಕೇಳ್ರಿ!" ಬಸಣ್ಣನಿಗೆ ಹಿಗ್ಗು. "ಐದು ಹಾರ್ಸ್‌ಪವರಿನ ಸಪ್ಪಳ!"

ತಾನು ಕಟ್ಟಿದ ಪ್ರತಿ ಮೋಟರಿಗೂ ಕೆಂಪು ಬಣ್ಣದಲ್ಲಿ ಗುರುತು ಬರೆಯುವುದು ಅವನ ಪದ್ಧತಿ. ನಾವು ಬೇಡ ಎನ್ನುವಷ್ಟರಲ್ಲಿ ಜಪಾನಿನ ಸೆಟ್ಟಿನ ಬೆನ್ನ ಮೇಲೆ ದಪ್ಪ ಅಕ್ಷರಗಳು ಮೂಡಿದ್ದವು: ಬಸಣ್ಣ, ಚಿಗಳ್ಳಿ. ಮನೆಗೆ ಬಂದು ಅವ್ವ ಸೀಮೆಎಣ್ಣೆ ಹಚ್ಚಿ ತಿಕ್ಕಿದಳು. ಕೆಂಪು ಹೋಗಿ ಗುಲಾಬಿಯಾಯಿತು. ಸೆಟ್ಟನ್ನು ಗೋಡೆಗೆ ಒತ್ತಿ ಇಟ್ಟೆವು.

ದೀಪಾವಳಿಗೆ ಮಾಮಾ ಬಂದ. ಮಧ್ಯಾಹ್ನ ಚಹಾ ಕುಡಿದು ಸೆಟ್ಟಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು ಗುಂಡಿ ಒತ್ತಿದ. ಗುಂಯ್ ಶುರುವಾದದ್ದೇ ತಡ, ಅವ್ವ ಒಳಗೆ ಒರಳಿನಲ್ಲಿ ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಕುಟ್ಟತೊಡಗಿದಳು. ಕಾಕಾ ಸೈಕಲ್ಲನ್ನು ಪಡಸಾಲೆಗೇ ತಂದು ಉಲ್ಟಾ ನಿಲ್ಲಿಸಿ ಗಾಲಿ ತಿರುಗಿಸಿದ. ನಾನು ಕನ್ನಡ ಪಾಠವನ್ನು ದೊಡ್ಡ ದನಿಯಲ್ಲಿ ಓದಬೇಕೆಂದು ಮೊದಲೇ ತೀರ್ಮಾನವಾಗಿತ್ತು, ಓದಿದೆ.

"ಅಕ್ಕಾ, ಹಿಂಡಿ ಆಮ್ಯಾಲ ಕುಟ್ಟು," ಎಂದ ಮಾಮಾ. "ಒಂದು ಗಳಿಗಿ ಎಲ್ಲಾರೂ ಸುಮ್ಮನಿರ್ರಿ."

ಎಲ್ಲರೂ ಸುಮ್ಮನಾದೆವು. ಸೆಟ್ಟು ಸುಮ್ಮನಾಗಲಿಲ್ಲ. ಮಾಮಾ ಅದನ್ನು ಗೋಡೆಯಿಂದ ಸ್ವಲ್ಪ ಸರಿಸಿ ಹಿಂದೆ ಬಾಗಿ ನೋಡಿದ. ಅವ್ವ ಬಾಗಿಲಲ್ಲಿ ಒನಕೆ ಹಿಡಿದು ನಿಂತಿದ್ದಳು. ಅವನು ತಿರುಗಿ ಅವಳ ಮುಖ ನೋಡಿದನೋ ಇಲ್ಲವೋ, ನನಗೆ ಖಾತ್ರಿಯಿಲ್ಲ. ನೋಡಿದನೆಂದೇ ಬರೆಯಲು ಕೈ ತುಡಿಯುತ್ತದೆ, ಅದಕ್ಕೇ ಬರೆಯುವುದಿಲ್ಲ. ಸೆಟ್ಟನ್ನು ಮತ್ತೆ ಗೋಡೆಗೆ ಒತ್ತಿದ. ಹಾಡು ಮುಗಿಯುವ ತನಕ ಕೇಳಿ ಆರಿಸಿದ.

"ಅಕ್ಕಾ, ಇದು ಇಲ್ಲೇ ಇರ್ಲಿ. ನಿಮ್ಮ ಕರೆಂಟಿಗೆ ಹೊಂದ್ಕೊಂಡೈತಿ. ಬ್ಯಾರೆ ಕಡೆ ಒಯ್ದ್ರ ಹಾಡೂದಿಲ್ಲ."

"ನಿನ್ನ ಲಗ್ನದ ಸಾಮಾನಲ್ಲೋ?"

"ಲಗ್ನಕ್ಕ ಹುಡಿಗಿ ಇದ್ರ ಸಾಕು."

ಅವ್ವ ಒಳಗೆ ಹೋಗಿ ಹಿಂಡಿ ಕುಟ್ಟುವುದನ್ನು ಮುಂದುವರಿಸಿದಳು. ಆ ದಿನದ ಹಿಂಡಿ ಪುಡಿಯಲ್ಲ, ಬೆಣ್ಣೆಯಾಗಿತ್ತು.

ಮಾಮಾನಿಗೆ ಏನೂ ತಿಳಿಯಲಿಲ್ಲ, ತನ್ನ ಸೈಕಲ್ ಗಾಲಿ ಕೆಲಸ ಮಾಡಿತು ಎಂದು ಕಾಕಾ ಇವತ್ತಿಗೂ ವಾದಿಸುತ್ತಾನೆ. ಆ ವಿಷಯ ಎತ್ತಿದರೆ ಅವ್ವ ಒಲೆಯ ಮೇಲಿನ ಹಾಲು ನೋಡಲು ಹೋಗುತ್ತಿದ್ದಳು. ಧಾರವಾಡದ ಅವಳ ಚಿಕ್ಕಮ್ಮಂದಿರು ಬಂದಾಗ ಮಾತ್ರ ಸೆಟ್ಟಿನ ಹೂವಿನ ಬಟ್ಟೆ ತೆಗೆದು, "ನನ್ನ ತಮ್ಮ ನನಗಂತ ಜಪಾನಿನಿಂದ ತಂದಾನ" ಎನ್ನುತ್ತಿದ್ದಳು. ಕಾಡಿಗೆ ಹೆಣ್ಣು ಕೊಟ್ಟ ಮಾತು ಆಮೇಲೆ ಅಷ್ಟಾಗಿ ಕೇಳಲಿಲ್ಲ. ನನ್ನ ಬಾಯಲ್ಲಿ ಈ ಕತೆ ಯಾವಾಗಲೂ ಇಲ್ಲಿಗೆ, ಅವ್ವನ ಗೆಲುವಿಗೆ, ಮುಗಿಯುತ್ತಿತ್ತು.

ಮಿಕ್ಸರ್ ಸುಟ್ಟ ಮೇಲೆ ಮಾಮಾನನ್ನು ನೋಡಬೇಕೆನಿಸಿ ಹೋದ ವಾರ ಧಾರವಾಡಕ್ಕೆ ಹೋಗಿದ್ದೆ. ಮದುವೆಯಾದ ಮೇಲೆ ಅವನು ಹಡಗು ಬಿಟ್ಟು ಅಲ್ಲಿಯೇ ಖಾನಾವಳಿ ನಡೆಸಿದವನು. ನನಗೆ ಊಟಕ್ಕೆ ಹಾಕಿ ಮಾಮಿ ಪಡಸಾಲೆಯ ಕಟ್ಟಿಗೆಯ ಸ್ಟ್ಯಾಂಡಿನಿಂದ ಉಪ್ಪಿನಕಾಯಿಯ ಭರಣಿ ಇಳಿಸಿದರು. ಅವರ ಮದುವೆಯ ಕಾಲದಿಂದಲೂ ಪರಿಚಯದ ಸ್ಟ್ಯಾಂಡು, ಸಾಗವಾನಿಯದು. ಅವತ್ತು ಮೊದಲ ಸಲ ಅದರ ಆಕಾರ ನೋಡಿದೆ. ನಡುವೆ ಅಗಲವಾದ ಒಂದು ಖಾನೆ, ಎರಡೂ ಪಕ್ಕಕ್ಕೆ ಎತ್ತರದ ಒಂದೊಂದು ಖಾನೆ. ಹಿಂದಿನ ಹಲಗೆಯಲ್ಲಿ ವಯರು ಹೋಗುವಷ್ಟು ನೀಟಾಗಿ ಕೊರೆದ ತೂತು.

"ಇದನ್ನ ಯಾವಾಗ ಮಾಡಿಸಿದ್ರಿ ಮಾಮಿ?"

"ನಾ ಬರೂದ್ರೊಳಗ ಇತ್ತವಾ. ಯಾತಕ್ಕ ಮಾಡಿಸಿದ್ರೋ. ಭರಣಿಗೆ ಭಾಳ ಛಲೋ ಆಗೈತಿ."

ಆ ಮನೆಯಲ್ಲಿ ನಾನೆಂದೂ ರೇಡಿಯೋ ಕಂಡವಳಲ್ಲ. ಕಂಡಿರಲಿಲ್ಲವೆಂದು ಅವತ್ತಿನ ತನಕ ಗಮನಿಸಿದವಳೂ ಅಲ್ಲ. ಮಾಮಿ ಒಳಗೆ ಹೋದ ಮೇಲೆ ಮಾಮಾನನ್ನು ಕೇಳಿದೆ. ಅವನು ಭರಣಿಯ ಮುಚ್ಚಳ ತೆಗೆದು ನನ್ನ ತಾಟಿಗೆ ಇನ್ನೊಂದು ಹೋಳು ಹಾಕಿದ. ಊರಿಗೆ ಬಂದು ಫೋನಿನಲ್ಲಿ ಮತ್ತೊಮ್ಮೆ ಕೇಳಿದೆ. ಬಸ್ಸಿನಲ್ಲಿ ಸೀಟು ಸಿಕ್ಕಿತ್ತೇನು ಎಂದ. ನಾನು ಕೇಳಿದ್ದು ಬಹಳವೇನಲ್ಲ:

"ಮಾಮಾ, ಇಷ್ಟು ವರ್ಷ ನೀ ಹಾಡು ಎಲ್ಲಿ ಕೇಳ್ದಿ?"